ಧಾರೆ ಸೀರೆಯ ಎಳೆ ಕಡಿದ ಕಥೆ

ಯಾವ ಕೆಲಸಕ್ಕಾದರೂ ತತ್ವ ಗೊತ್ತಿದ್ದರೆ ಸಾಕು, ಮೊದಲು ಯಾವುದು, ಆಮೇಲೆ ಯಾವುದು ಎಂಬ ಕ್ರಮವೆಲ್ಲ ಓದದವರ ಕಟ್ಟಲೆ ಎಂದು ನಾನು ದೃಢವಾಗಿ ನಂಬಿದ್ದ ಕಾಲವೊಂದಿತ್ತು. ಆ ಕಾಲ ಒಂದು ಬುಧವಾರ ಮಧ್ಯಾಹ್ನ ಮೂರು ಗಂಟೆಗೆ ಮುಗಿಯಿತು. ಬುಧವಾರವಲ್ಲ ಮಂಗಳವಾರ, ಮೂರಲ್ಲ ಹನ್ನೊಂದು ಎಂದು ನನ್ನ ಹೆಂಡತಿ ಸರೋಜ ಹೇಳುತ್ತಾಳೆ. ನನ್ನ ನೆನಪಿನ ಮೇಲೆ ನನಗೇ ಸಂಶಯ ಬಂದಿರುವುದರಿಂದ ಓದುಗರು ವಾರವನ್ನೂ ಗಂಟೆಯನ್ನೂ ತಮಗೆ ಬೇಕಾದಂತೆ ಇಟ್ಟುಕೊಳ್ಳಬಹುದು. ಆಗ ಆದ ಸದ್ದನ್ನು ಮಾತ್ರ ನಂಬಬೇಕು. ಅದು ಈಗಲೂ ನನ್ನ ಕಿವಿಯಲ್ಲಿದೆ.

ಎಪ್ಪತ್ತನಾಲ್ಕನೇ ಇಸವಿ ಇರಬೇಕು. ನಾವು ಆಗ ದೊಡ್ಡಬಳ್ಳಾಪುರದಲ್ಲಿ ಚೌಡಮ್ಮ ಎಂಬವರ ಮನೆಯಲ್ಲಿ ಬಾಡಿಗೆಗೆ ಇದ್ದೆವು. ಮುಂದಿನ ಎರಡು ಕೋಣೆ ನಮ್ಮದು. ಹಿಂದಿನ ಉದ್ದನೆಯ ಪಡಸಾಲೆಯಲ್ಲಿ ಕರೆಂಟಿನಿಂದ ಓಡುವ ನಾಲ್ಕು ರೇಷ್ಮೆ ಮಗ್ಗ. ಎರಡನ್ನು ಚೌಡಮ್ಮನವರ ಗಂಡ ರಾಮಲಿಂಗಯ್ಯ ನೋಡಿಕೊಳ್ಳುತ್ತಿದ್ದರು, ಎರಡನ್ನು ಚೌಡಮ್ಮ. ಮಗ್ಗ ಓಡುವಾಗ ಗೋಡೆಯ ಮೇಲಿನ ಕ್ಯಾಲೆಂಡರು ತಾನೇ ತಾನಾಗಿ ತಿಂಗಳು ಬದಲಾಯಿಸುತ್ತಿತ್ತು. ನಮ್ಮ ಸಂಸಾರವೆಲ್ಲ ಕೂಗಾಟದಲ್ಲೇ ನಡೆಯಬೇಕು. "ಸಾರಿಗೆ ಉಪ್ಪು ಕಡಿಮೆ" ಎಂಬುದನ್ನೂ ಯುದ್ಧ ಸಾರಿದಂತೆ ಹೇಳಬೇಕು. ಕಷ್ಟವಾಗುತ್ತಿದ್ದುದು ಕರೆಂಟ್ ಹೋದಾಗ. ಒಮ್ಮೆ ನಾನು "ನಿಮ್ಮಮ್ಮ ಇನ್ನೂ ಎಷ್ಟು ದಿನ ಇರ್ತಾರೆ?" ಎಂದು ಕೂಗುವುದಕ್ಕೂ ಕರೆಂಟ್ ಹೋಗುವುದಕ್ಕೂ ಸರಿಹೋಯಿತು. ಮಾರನೆಯ ದಿನ ಬೀದಿಯ ಕೊನೆಯ ಅಂಗಡಿಯವರು, "ಅತ್ತೆಯವರು ಹೊರಟ್ರಾ ಸಾರ್?" ಎಂದು ಕಾಳಜಿಯಿಂದ ವಿಚಾರಿಸಿದರು!

ಕರೆಂಟಂತೂ ದಿನಕ್ಕೆ ನಾಲ್ಕಾರು ಸಲ ಹೋಗುತ್ತಿತ್ತು. ಹೋದ ಕೂಡಲೇ ಚೌಡಮ್ಮ ಎಲ್ಲಿದ್ದರೂ ಓಡಿಬರುತ್ತಿದ್ದರು. ಒಲೆಯ ಮೇಲೆ ಹಾಲಿದ್ದರೂ ಸರಿ, ಬಾಯಲ್ಲಿ ಅರ್ಧ ಮಾತಿದ್ದರೂ ಸರಿ. ಮಗ್ಗದ ಸುತ್ತ ಸರಸರ ಓಡಾಡಿ, ಅಲ್ಲಿ ಮುಟ್ಟಿ, ಇಲ್ಲಿ ಎಳೆದು, ಚಕ್ರ ತಿರುಗಿಸಿ, ಹಿಂದೆ ಹೋಗಿ ಏನೋ ಸಡಿಲ ಮಾಡಿ ಬರುತ್ತಿದ್ದರು. ಒಟ್ಟು ನಾಲ್ಕು ಕೆಲಸ. ರಾಮಲಿಂಗಯ್ಯ ಆಗಲೇ ಮಾಡಿ ಮುಗಿಸಿದ್ದರೂ ಇವರು ಬಂದು ಇನ್ನೊಮ್ಮೆ ಮುಟ್ಟಿ ನೋಡದೆ ಬಿಡುತ್ತಿರಲಿಲ್ಲ. ವಿಶ್ವವಿದ್ಯಾಲಯದಲ್ಲಿ ಓದಿದ ನನಗೆ ಇದು ಪೂಜೆಯ ಹಾಗೆ ಕಾಣುತ್ತಿತ್ತು.

"ಅಲ್ಲ ಚೌಡಮ್ಮನೋರೇ, ಕರೆಂಟ್ ಹೋದ ಮೇಲೆ ಮಗ್ಗ ತಾನೇ ನಿಂತಿದೆ. ಮತ್ತೆ ಅದಕ್ಕೇನು ಪ್ರದಕ್ಷಿಣೆ?" ಎಂದು ಒಮ್ಮೆ ಕೇಳಿದೆ.

"ನಿಂತೈತೆ ಸ್ವಾಮಿ. ನಾವು ನಿಲ್ಸಿಲ್ವಲ್ಲ" ಎಂದರು.

ನಾನು ಮುಗುಳ್ನಕ್ಕೆ. ಆ ಮುಗುಳ್ನಗೆಯನ್ನು ಈಗ ನೆನೆದರೆ ನನಗೇ ಕಪಾಳಕ್ಕೆ ಹೊಡೆದುಕೊಳ್ಳಬೇಕೆನಿಸುತ್ತದೆ.

ಇನ್ನು ನನ್ನ ಘನವಾದ ಉದ್ಯೋಗದ ವಿಷಯ. ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ಬೀರುವಿನಷ್ಟು ದೊಡ್ಡ ಕಂಪ್ಯೂಟರ್ ಇತ್ತು. ಉದ್ದನೆಯ ಕಾಗದದ ಪಟ್ಟಿಯಲ್ಲಿ ತೂತು ಹೊಡೆದು ಅದಕ್ಕೆ ಲೆಕ್ಕ ಉಣಿಸಬೇಕು. ಆ ತೂತುಗಳನ್ನು ಓದುವ ಯಂತ್ರವೊಂದು ಪಕ್ಕದಲ್ಲಿತ್ತು. ಅದನ್ನು ನಡೆಸಲು ಒಂದು ಸಣ್ಣ ಪ್ರೋಗ್ರಾಂ ಬೇಕು, ಅದಕ್ಕೆ ಡ್ರೈವರ್ ಎನ್ನುತ್ತಾರೆ. ಅದನ್ನು ಬರೆಯುವ ಹೊಣೆ ನನ್ನದು. ಬೇರೆ ಪ್ರೋಗ್ರಾಂ ಯಾವುದಾದರೂ ಬಂದು "ನನಗೆ ಓದುವ ಯಂತ್ರ ಬೇಕು" ಎಂದರೆ ಡ್ರೈವರು ಯಂತ್ರವನ್ನು ಕೊಟ್ಟು, ಓದಿದ್ದನ್ನು ತುಂಬಿಕೊಳ್ಳಲು ಮೆಮೊರಿಯಲ್ಲಿ ಒಂದಿಷ್ಟು ಜಾಗವನ್ನೂ ಕೊಡುತ್ತದೆ. ಕೆಲಸ ಮುಗಿದ ಮೇಲೆ ಆ ಪ್ರೋಗ್ರಾಂ ಎರಡನ್ನೂ ಮರಳಿಸಿ ಹೋಗುತ್ತದೆ. ಇದು ಮರ್ಯಾದಸ್ಥ ಪ್ರೋಗ್ರಾಂಗಳ ಮಾತು. ಹಾದಿ ತಪ್ಪಿದ ಪ್ರೋಗ್ರಾಂಗಳೂ ಇರುತ್ತವೆ. ಅಂಥದ್ದನ್ನು ಕಂಪ್ಯೂಟರ್ ನೋಡಿಕೊಳ್ಳುವ ಆಪರೇಟರು ನಡುವೆಯೇ ಕೊಂದುಹಾಕುತ್ತಾನೆ. ಸತ್ತದ್ದು ಏನನ್ನು ಮರಳಿಸೀತು? ಅದರ ಕೈಯಲ್ಲಿದ್ದುದನ್ನೆಲ್ಲ ಡ್ರೈವರೇ ಬಿಡಿಸಿಕೊಂಡು ಒಪ್ಪ ಮಾಡಬೇಕು.

ನನ್ನ ಡ್ರೈವರು ಈ ಅಂತ್ಯಕ್ರಿಯೆಯನ್ನು ಮಿಂಚಿನ ವೇಗದಲ್ಲಿ ಮಾಡುತ್ತಿತ್ತು. ಮೆಮೊರಿಯ ಜಾಗ ಎಲ್ಲರಿಗೂ ಬೇಕಾದದ್ದು, ಆದ್ದರಿಂದ ಮೊದಲು ಅದನ್ನು ಬಿಡಿಸಿ ಕೇಳಿದವರಿಗೆ ಕೊಡು. ಆಮೇಲೆ ಯಂತ್ರ ಯಾರ ಕೈಯಲ್ಲಿದೆ ಎಂದು ಬರೆದಿಟ್ಟ ಪಟ್ಟಿಯಿಂದ ಸತ್ತವನ ಹೆಸರು ಹೊಡೆದುಹಾಕು. ಯಂತ್ರವನ್ನು ಕೊನೆಗೆ ನಿಲ್ಲಿಸಿದರಾಯಿತು, ಅದೆಲ್ಲಿಗೆ ಓಡಿಹೋಗುತ್ತದೆ! ಇದನ್ನು ಬರೆದ ದಿನ ಸರೋಜಳಿಗೆ ಮೈಸೂರುಪಾಕು ತಂದಿದ್ದೆ.

ಮೈಸೂರುಪಾಕು ಮುಗಿಯುವುದರೊಳಗೆ ದೂರು ಬಂತು. ನಮ್ಮಲ್ಲಿ ಒಬ್ಬ ಹಿರಿಯ ಎಂಜಿನಿಯರು ಸೇತುವೆಯ ಕಂಬದ ಲೆಕ್ಕ ಮಾಡಿಸುತ್ತಿದ್ದರು. ಕಂಬದ ಎತ್ತರ ಮೈನಸ್ ನಲವತ್ತು ಅಡಿ ಎಂದು ಉತ್ತರ ಬಂದಿತ್ತು. "ಇದು ಕಂಬ ಅಲ್ಲ ಕಣ್ರೀ, ಬಾವಿ!" ಎಂದು ಕಾಗದ ಬೀಸುತ್ತ ಬಂದರು. ಬೇರೆ ಯಾವುದೋ ಪ್ರೋಗ್ರಾಮನ್ನು ಕೊಂದ ಮೇಲೆಯೇ ಹೀಗಾಗುತ್ತದೆ ಎಂದು ಆಪರೇಟರು ಸಾಕ್ಷಿ ಹೇಳಿದ. ನಾನು ಕಂಪ್ಯೂಟರಿನ ಮೇಲೆ, ಸೆಖೆಯ ಮೇಲೆ, ಕೊನೆಗೆ ಸೇತುವೆಯ ಮೇಲೂ ತಪ್ಪು ಹೊರಿಸಿದೆ. ಮುಖ್ಯಸ್ಥರು ಕನ್ನಡಕ ತೆಗೆದು, "ಮನೇಲಿ ಕೂತು ನಿಮ್ಮ ಪ್ರೋಗ್ರಾಂ ಓದಿ ನೋಡಿ. ಸೋಮವಾರ ಸರಿಯಾಗಿರ್ಬೇಕು" ಎಂದರು.

ಹಾಗಾಗಿ ಆ ಬುಧವಾರ, ಅಥವಾ ಮಂಗಳವಾರ, ನಾನು ಮನೆಯಲ್ಲಿ ಕಾಗದ ಹರಡಿಕೊಂಡು ಕೂತಿದ್ದೆ.

ಹಿಂದಿನ ಪಡಸಾಲೆಯಲ್ಲಿ ಒಂದೇ ಮಗ್ಗ ಓಡುತ್ತಿತ್ತು. ರಾಮಲಿಂಗಯ್ಯ ಲಗ್ನಪತ್ರಿಕೆ ಹಂಚಲು ನೆಲಮಂಗಲದ ಕಡೆ ಹೋಗಿದ್ದರು. ಅವರ ಹಿರಿಯ ಮಗಳು ಲಲಿತಳ ಮದುವೆಗೆ ಎಂಟು ದಿನ ಉಳಿದಿತ್ತು. ಆ ಮಗ್ಗದ ಮೇಲಿದ್ದುದು ಲಲಿತಳ ಧಾರೆ ಸೀರೆ. ಅವರ ಮನೆಯಲ್ಲಿ ಮಗಳ ಧಾರೆ ಸೀರೆಯನ್ನು ಹೊರಗಿನಿಂದ ತರುವುದಿಲ್ಲ, ಹೆತ್ತ ತಾಯಿಯೇ ನೇಯಬೇಕು. ಉದ್ದದ ಎಳೆಗಳ ಹಾಸನ್ನು ಆ ಒಂದೇ ಸೀರೆಗೆ ಅಳೆದು ಹೂಡುತ್ತಾರೆ. ಹಾಳಾದರೆ ಇನ್ನೊಂದಿಲ್ಲ. ಹೊಸ ಹಾಸು ಹೂಡಿ ನೇಯಲು ಎಂಟು ದಿನ ಸಾಲದು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ ಎಂಬುದೇ ನನ್ನ ಹೆಗ್ಗಳಿಕೆ.

ಆ ಹೊತ್ತಿಗೆ ಬೂದಿಗೆರೆಯಿಂದ ಬೀಗರು ಬಂದರು. ಗಂಡಿನ ಅಜ್ಜಿ ಮತ್ತು ಗಂಡಿನ ತಾಯಿ. ಸೀರೆ ಮಗ್ಗದ ಮೇಲಿರುವಾಗಲೇ ನೋಡಬೇಕೆಂದು ಅಜ್ಜಿಯ ಆಸೆ. ಚೌಡಮ್ಮ ಮಗ್ಗವನ್ನು ಓಡಲು ಬಿಟ್ಟೇ ಕಾಲಿಗೆ ನೀರು ಹಿಡಿದು ಬಾಗಿಲಿಗೆ ಬಂದರು. ಹತ್ತು ಹೆಜ್ಜೆ ದೂರ ಹೋಗುವುದು ಅವರಿಗೆ ಲೆಕ್ಕವಲ್ಲ, ಒಂದು ಎಳೆ ಕಡಿದರೂ ಸದ್ದಿನಲ್ಲೇ ತಿಳಿಯುತ್ತಿತ್ತು. ಸರೋಜ ನಮ್ಮ ಕುರ್ಚಿಗಳನ್ನು ಎಳೆದು ಹಾಕಿದಳು. ಅಜ್ಜಿ ಚೌಡಮ್ಮನವರ ಎರಡೂ ಕೈ ಹಿಡಿದು ಕ್ಷೇಮ ಸಮಾಚಾರ ಶುರು ಮಾಡಿದರು.

ಕರೆಂಟ್ ಹೋಯಿತು.

ಚೌಡಮ್ಮ ಹೊರಡಲು ನೋಡಿದರು. ಅಜ್ಜಿ ಕೈ ಬಿಡಲಿಲ್ಲ. ನನ್ನೊಳಗಿನ ಪರೋಪಕಾರಿ ಎದ್ದು ನಿಂತ.

"ನೀವು ಮಾತಾಡ್ತಿರಿ ಚೌಡಮ್ಮನೋರೇ, ನಾನು ನೋಡ್ತೀನಿ."

"ಬ್ಯಾಡಿ ಸ್ವಾಮಿ, ಬಂದೆ ನಾನು."

"ಅಯ್ಯೋ, ದಿನಾ ನೋಡಿಲ್ವಾ? ನಾಲ್ಕು ಕೆಲಸ ತಾನೆ!"

"ರೀ..." ಎಂದಳು ಸರೋಜ. ನಮ್ಮ ಮನೆಯಲ್ಲಿ ಅದು ಒಂದು ಸಂಪೂರ್ಣ ವಾಕ್ಯ. ನಾನು ಅದನ್ನು ಓದದೆಯೇ ಒಳಗೆ ನಡೆದೆ.

ನಾಲ್ಕು ಕೆಲಸವೂ ನನಗೆ ಚೆನ್ನಾಗಿ ನೆನಪಿತ್ತು. ಸ್ವಿಚ್ಚು ಆರಿಸುವುದು, ಮಗ್ಗದ ಹಿಡಿಕೆ ಎಳೆಯುವುದು, ಚಕ್ರವನ್ನು ಕೈಯಿಂದ ತಿರುಗಿಸಿ ಲಾಳಿಯನ್ನು ಅಂಚಿನ ಗೂಡಿಗೆ ಸೇರಿಸುವುದು, ಹಿಂದೆ ಹೋಗಿ ಹಾಸು ಸಡಿಲ ಮಾಡುವುದು. ಕ್ರಮ ಮಾತ್ರ ನೆನಪಿರಲಿಲ್ಲ. ಕ್ರಮದಲ್ಲೇನಿದೆ? ಎಳೆಗಳು ಬಿಗಿದುಕೊಂಡು ಪಾಪ ಕಷ್ಟಪಡುತ್ತಿದ್ದವು. ಮೊದಲು ಹಿಂದೆ ಹೋಗಿ ಅವನ್ನು ಸಡಿಲ ಮಾಡಿದೆ. ಸಾವಿರಾರು ರೇಷ್ಮೆ ಎಳೆಗಳು ಒದ್ದೆ ಕೂದಲಿನ ಹಾಗೆ ಜೋತುಬಿದ್ದವು. ನೋಡಲು ಬಹಳ ಶಾಂತವಾಗಿತ್ತು.

ಎರಡನೆಯದು ಲಾಳಿ. ಹಡಗಿನ ಆಕಾರದ ಆ ಮರದ ತುಂಡು ಅಡ್ಡ ಎಳೆಯನ್ನು ಹೊತ್ತು ಅತ್ತಿತ್ತ ಹಾರುತ್ತಿರುತ್ತದೆ. ಕರೆಂಟ್ ಹೋದಾಗ ಅದು ಎಳೆಗಳ ನಡುವೆಯೇ ಸಿಕ್ಕಿಕೊಂಡಿತ್ತು. ಚಕ್ರ ತಿರುಗಿಸುವುದೇಕೆ, ಕೈಯಿಂದಲೇ ತೆಗೆದರಾಯಿತು ಎಂದು ಮೇಲಕ್ಕೆ ಎತ್ತಿದೆ. ಹತ್ತಿಪ್ಪತ್ತು ಎಳೆ ಪಟಪಟ ಎಂದವು. ಗಾಬರಿಯಾಗಿ ಲಾಳಿಯನ್ನು ಎಲ್ಲಿತ್ತೋ ಅಲ್ಲೇ, ಸೀರೆಯ ನಟ್ಟನಡುವೆ, ಜಾಗ್ರತೆಯಾಗಿ ವಾಪಸ್ಸು ಇಟ್ಟೆ.

ಇನ್ನು ಹಿಡಿಕೆ ಮತ್ತು ಸ್ವಿಚ್ಚು ಉಳಿದಿದ್ದವು. ಮಗ್ಗ ಹೇಗೂ ನಿಂತಿದೆಯಲ್ಲ, ಅವಕ್ಕೇನು ಅವಸರ ಎಂದು ಬೆರಳಿಗೆ ಅಂಟಿದ ಎಳೆ ಬಿಡಿಸಿಕೊಳ್ಳುತ್ತ ನಿಂತೆ.

ಕರೆಂಟ್ ಬಂತು!

ಧಡಾರ್ ಎಂದಿತು. ಅದರ ಹಿಂದೆಯೇ ನೂರು ವೀಣೆಗಳ ತಂತಿ ಒಟ್ಟಿಗೆ ಕಡಿದಂಥ ಸದ್ದು. ಲಾಳಿ ಎಳೆಗಳ ನಡುವೆ ಸೆಟೆದು ನಿಂತಿತ್ತು. ಮಗ್ಗ ಅದನ್ನು ಸೀರೆಯ ಸಮೇತ ಜಜ್ಜುತ್ತಿತ್ತು. ಜೋತುಬಿದ್ದ ಎಳೆಗಳೆಲ್ಲ ಗೋಜಲಾಗಿ ಒಳಗೆ ಹೋಗುತ್ತಿದ್ದವು. ಮಗ್ಗ ನಿಲ್ಲಿಸಬೇಕೆಂದು ಹೊಳೆಯಿತು. ಹೇಗೆಂದು ಹೊಳೆಯಲಿಲ್ಲ. ನಾನು ಎರಡೂ ಕೈ ಮೇಲೆತ್ತಿ "ನಿಲ್ಲು! ನಿಲ್ಲು!" ಎಂದು ಮಗ್ಗಕ್ಕೆ ಆಜ್ಞೆ ಮಾಡಿದೆ.

ಚೌಡಮ್ಮ ಬಂದರು. ಅವರು ಸೀರೆಯ ಕಡೆ ನೋಡಲಿಲ್ಲ. ನನ್ನ ಕಡೆಯೂ ನೋಡಲಿಲ್ಲ. ನೆಟ್ಟಗೆ ಹೋಗಿ ಸ್ವಿಚ್ಚು ಆರಿಸಿದರು. ಹಿಡಿಕೆ ಎಳೆದರು. ಚಕ್ರವನ್ನು ಕೈಯಿಂದ ಹಿಂದಕ್ಕೆ ತಿರುಗಿಸಿ, ಲಾಳಿಯನ್ನು ಬಿಡಿಸಿ ಅದರ ಗೂಡಿಗೆ ಸೇರಿಸಿದರು. ಆಮೇಲೆ ಹಾಸನ್ನು ಮುಟ್ಟಿದರು. ಅದೆಲ್ಲ ಆದ ಮೇಲೆ ಸೀರೆ ನೋಡಿದರು. ಸ್ವಂತ ಮಗಳ ಧಾರೆ ಸೀರೆ ಕಣ್ಣೆದುರು ಹರಿಯುತ್ತಿರುವಾಗ ಮೊದಲು ಸ್ವಿಚ್ಚಿನ ಕಡೆ ಕೈ ಹೋಗಬೇಕಾದರೆ ಅದೆಂಥ ಮನಸ್ಸಿರಬೇಕು! ನನಗೆ ಅದು ಅರ್ಥವಾಗಲು ಒಂದು ದಿನ ಹಿಡಿಯಿತು. ಆ ಗಳಿಗೆಯಲ್ಲಿ ನಾನು ಇನ್ನೂ ಕೈ ಮೇಲೆತ್ತಿಕೊಂಡೇ ಇದ್ದೆ.

ಎಷ್ಟು ಎಳೆ ಕಡಿದಿದ್ದವು? ಏಳುನೂರು ಎಂದು ನನ್ನ ನೆನಪು. ಮುನ್ನೂರು ಎಂದು ಸರೋಜ. ಅಪರಾಧಿ ತನ್ನ ಸಾಧನೆಯನ್ನು ಹೆಚ್ಚಿಸಿ ಹೇಳುವುದು ಇದೇ ಮೊದಲು ಎಂದು ಅವಳ ಅಭಿಪ್ರಾಯ.

ಅಷ್ಟರಲ್ಲಿ ಬಾಗಿಲಲ್ಲಿ ಬೂದಿಗೆರೆ ಅಜ್ಜಿ. ಹಿಂದೆ ಗಂಡಿನ ತಾಯಿ. ಅವರ ಹಿಂದೆ, ಗೋಡೆಗಿಂತ ಬೆಳ್ಳಗಾಗಿದ್ದ ಲಲಿತ.

"ಏನವ್ವಾ ಇದು?" ಅಜ್ಜಿಯ ದನಿ ಇಳಿದಿತ್ತು. "ಧಾರೆ ಸೀರೆ ಕಡೀತಾ?"

ಶಕುನಗಳಲ್ಲಿ ನನಗೆ ನಂಬಿಕೆಯಿಲ್ಲ. ಆದರೆ ಅಜ್ಜಿಗೆ ಇತ್ತು, ಮತ್ತು ಮದುವೆ ಅಜ್ಜಿಯ ಮೊಮ್ಮಗನದು. ಆ ಮುದುಕಿ ಒಂದು ಸಲ ತಲೆಯಾಡಿಸಿ ಹೊರಟುಬಿಟ್ಟಿದ್ದರೆ ಲಲಿತಳ ಮದುವೆ ನನ್ನ ಕೈಯಲ್ಲಿ ಮುರಿದುಬೀಳುತ್ತಿತ್ತು. ನಾನು ಓದಿದ ಗಣಿತದಲ್ಲಿ ಅದನ್ನು ಜೋಡಿಸುವ ಸೂತ್ರ ಇರಲಿಲ್ಲ.

ಚೌಡಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ನಿಧಾನವಾಗಿ ತಿರುಗಿದರು.

"ಕಡೀಲಿಲ್ಲ ಅಜ್ಜಿ, ಕಡಿಸಿದ್ದು. ನಮ್ಮನೆ ಸಾಸ್ತ್ರ. ಧಾರೆ ಸೀರೆ ಅರ್ಧ ಆದಾಗ ಹೊರಗಿನೋರು ಒಬ್ರು, ಓದಿದೋರು, ಎಳೆ ಕಡೀಬೇಕು. ಹೆತ್ತೋಳು ಕೂತ್ಕೊಂಡು ಕಟ್ಟಬೇಕು. ಸಂಸಾರದಾಗೆ ಏನು ಕಡಿದ್ರೂ ಕಟ್ಕೊಳಾಕೆ ಬರ್ಲಿ ಅಂತ."

ಅಜ್ಜಿ ಹತ್ತಿರ ಬಂದು ಬಗ್ಗಿ ನೋಡಿದರು. "ಇಷ್ಟೊಂದಾ?"

"ಐದೋ ಆರೋ ಎಳೆ ಸಾಕು ಅಜ್ಜಿ. ಇವ್ರು ಸ್ವಲ್ಪ ಧಾರಾಳ ಮನುಸ್ಯರು."

ಅಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಓದಿದೋರಾ?"

"ಎಂ.ಎಸ್ಸಿ. ಅಜ್ಜಿ," ಎಂದಳು ಸರೋಜ ತಣ್ಣಗೆ, "ಫಸ್ಟ್ ಕ್ಲಾಸು."

ಅಜ್ಜಿಯ ಮುಖ ಅರಳಿತು. ಸೊಂಟದ ಚೀಲದಿಂದ ಎಲೆ ಅಡಿಕೆ ತೆಗೆದು ನನ್ನ ಕೈಗಿಟ್ಟು, "ಒಳ್ಳೇ ಕೆಲಸ ಮಾಡ್ದೆ ಕಣಪ್ಪಾ, ನೂರು ವರ್ಷ ಬಾಳು" ಎಂದು ಹರಸಿದರು. ಇಂಥ ಮರ್ಯಾದೆ ನನಗೆ ಪದವಿ ಪಡೆದ ದಿನವೂ ಸಿಕ್ಕಿರಲಿಲ್ಲ.

ಬೀಗರು ಬಸ್ಸು ಹತ್ತಿದ ಮೇಲೆ ನಾನು ಚೌಡಮ್ಮನವರ ಮುಂದೆ ತಲೆ ತಗ್ಗಿಸಿ ನಿಂತೆ. ಬೈಗುಳಕ್ಕೆ ಸಿದ್ಧನಾಗಿದ್ದೆ. ಬೈಗುಳ ಬರಲಿಲ್ಲ.

"ರಜಾ ಎಷ್ಟು ದಿನ ಐತೆ ನಿಮ್ಗೆ?"

"ಸೋಮವಾರದವರೆಗೆ."

"ಕೂತ್ಕೊಳಿ ಆ ಕಡೆ. ಒಂದೊಂದೇ ಎಳೆ ಕೊಡ್ತಾ ಹೋಗಿ. ಒಂದೇ. ಎರಡು ಕೊಟ್ರೆ ಬೆರಳಿಗೆ ಹೊಡೀತೀನಿ."

ಕಡಿದ ಎಳೆಗಳನ್ನು ಕೂಡಿಸುವುದು ಇಬ್ಬರ ಕೆಲಸ. ಮಗ್ಗದ ಹಿಂದೆ ಕೂತವರು ಎಳೆಯನ್ನು ಆರಿಸಿ ಕೊಡಬೇಕು. ಮುಂದೆ ಕೂತವರು ಸಣ್ಣ ಕೊಕ್ಕೆಯಿಂದ ಅದನ್ನು ಸೂಜಿಯ ಕಣ್ಣಿನಂಥ ತೂತಿನಲ್ಲಿ ಎಳೆದುಕೊಂಡು ಗಂಟು ಹಾಕಬೇಕು. ಚೌಡಮ್ಮನವರ ಬೆರಳು ಗಂಟು ಹಾಕುವುದನ್ನು ನಾನು ಮೂರು ದಿನ ಒಂದು ಮೊಳ ದೂರದಿಂದ ನೋಡಿದ್ದೇನೆ. ಹೇಗೆ ಹಾಕುತ್ತಿದ್ದರೆಂದು ಇವತ್ತಿಗೂ ಹೇಳಲಾರೆ. ಎಳೆ ಕೊಟ್ಟೆ ಎನ್ನುವಷ್ಟರಲ್ಲಿ ಗಂಟು ಬಿದ್ದಿರುತ್ತಿತ್ತು. ಎಷ್ಟು ಎಳೆಗಳಾದ ಮೇಲೂ ಯಾವ ಎಳೆ ಯಾವ ತೂತಿನದೆಂದು ಅವರಿಗೆ ಒಮ್ಮೆಯೂ ಗೊಂದಲವಾಗಲಿಲ್ಲ. ನನಗೋ, ಬೆಳಿಗ್ಗೆ ಚಪ್ಪಲಿ ಎಲ್ಲಿ ಬಿಟ್ಟೆನೆಂದು ಮಧ್ಯಾಹ್ನಕ್ಕೆ ಮರೆತಿರುತ್ತಿತ್ತು.

ಎರಡನೆಯ ದಿನ ಧೈರ್ಯ ಮಾಡಿ ಕೇಳಿದೆ. "ನಾನೂ ಅದೇ ನಾಲ್ಕು ಕೆಲಸ ತಾನೆ ಮಾಡಕ್ಕೆ ಹೋಗಿದ್ದು?"

"ಹೂಂ. ಕಡೆಯಿಂದ ಶುರು ಮಾಡಿದ್ರಿ." ಅವರು ಕೊಕ್ಕೆಯಿಂದ ಕಣ್ಣು ತೆಗೆಯಲಿಲ್ಲ. "ಮೊದ್ಲು ಅದು ತಿರುಗಿ ಏಳದಂಗೆ ಮಾಡ್ಬೇಕು ಸ್ವಾಮಿ. ಆಮೇಲೆ ಅದರ ಬಾಯಾಗಿರೋದು ಈಸ್ಕೋಬೇಕು. ದಾರ ಬಿಡೋದು ಕೊನೇಲಿ. ಅದು ಏಳ್ಬೋದು ಅಂತಿರೋವಾಗ್ಲೇ ದಾರ ಬಿಟ್ಕೊಟ್ರೆ ಇನ್ನೇನಾಗುತ್ತೆ?"

"ಕರೆಂಟ್ ಇರ್ಲಿಲ್ವಲ್ಲ..."

"ಕರೆಂಟ್ ಹೋಗಿದ್ದು ಮಗ್ಗಕ್ಕೆ ಗೊತ್ತಾ? ಅದು ನೇಯ್ತಾನೇ ಇದೀನಿ ಅಂದ್ಕೊಂಡಿರ್ತದೆ."

ನನ್ನ ಕೈಯಲ್ಲಿದ್ದ ಎಳೆ ಜಾರಿತು. ಓದುವ ಯಂತ್ರ! ಪ್ರೋಗ್ರಾಂ ಸತ್ತದ್ದು ಓದುವ ಯಂತ್ರಕ್ಕೆ ಗೊತ್ತಾ? ಅದು ಓದುತ್ತಲೇ ಇರುತ್ತದೆ. ಓದಿದ್ದನ್ನು ಹಳೆಯ ಜಾಗಕ್ಕೇ ಸುರಿಯುತ್ತಲೇ ಇರುತ್ತದೆ. ನನ್ನ ಡ್ರೈವರು ಆ ಜಾಗವನ್ನು ಆಗಲೇ ಬಿಡಿಸಿ ಸೇತುವೆಯವರಿಗೆ ಕೊಟ್ಟಾಗಿದೆ. ಯಾರದೋ ಕಾಗದದ ತೂತುಗಳೆಲ್ಲ ಹಿರಿಯ ಎಂಜಿನಿಯರ ಕಂಬದೊಳಗೆ ಹೋಗಿ ಬೀಳುತ್ತಿದ್ದವು. ಕಂಬ ಬಾವಿಯಾಗದೆ ಇನ್ನೇನಾದೀತು! ಹಾಸು ಸಡಿಲ ಮಾಡಿ, ಸ್ವಿಚ್ಚು ಮರೆತ ಅದೇ ಮಹಾಪುರುಷ ಅದನ್ನೂ ಬರೆದಿದ್ದ.

"ಸರೋಜಾ! ಸಿಕ್ಕಿತು ಕಣೆ!" ಎಂದು ಎದ್ದೆ.

"ಎಳೆ!" ಎಂದರು ಚೌಡಮ್ಮ. ಕೂತೆ.

ಶುಕ್ರವಾರ ಸಂಜೆಗೆ ಕೊನೆಯ ಗಂಟು ಬಿತ್ತು. ಕೂಡಿಸಿದ ಜಾಗದಲ್ಲಿ ಸೀರೆಗೆ ಅಡ್ಡವಾಗಿ ಕೂದಲೆಳೆಯಂಥ ಒಂದು ಗೆರೆ ಉಳಿಯಿತು. ನಾನು ಅದನ್ನೇ ನೋಡುತ್ತ ಸಂಕಟಪಡುತ್ತಿದ್ದೆ. ಚೌಡಮ್ಮ ಮೊಳ ಹಾಕಿ ಅಳೆದು, "ನೆರಿಗೆ ಒಳಗೆ ಹೋಯ್ತದೆ ಬಿಡಿ. ಕಡಿಯೋದನ್ನ ಒಳ್ಳೇ ಜಾಗ ನೋಡಿ ಕಡಿದಿದೀರ" ಎಂದರು. ಮೂರು ದಿನದಲ್ಲಿ ಅವರು ನಕ್ಕದ್ದು ಆಗಲೇ.

ಸೋಮವಾರ ಸಂಸ್ಥೆಗೆ ಹೋಗಿ ಡ್ರೈವರನ್ನು ಚೌಡಮ್ಮನವರ ಕ್ರಮದಲ್ಲಿ ಹೊಸದಾಗಿ ಬರೆದೆ. ಪ್ರೋಗ್ರಾಂ ಸತ್ತ ಸುದ್ದಿ ಬಂದರೆ ಮೊದಲು ಓದುವ ಯಂತ್ರ ಮತ್ತೆ ಏಳದಂತೆ ನಿಲ್ಲಿಸು. ಅರ್ಧ ಓದಿದ್ದನ್ನು ಮುಗಿಸಿ ಈಸಿಕೊ. ಹೆಸರು ಹೊಡೆದುಹಾಕು. ಜಾಗವನ್ನು ಎಲ್ಲಕ್ಕಿಂತ ಕೊನೆಗೆ ಬಿಡು. ಬೇರೆ ಯಾರಾದರೂ ಆಗಲೇ ನಿಲ್ಲಿಸಿದ್ದರೂ ಇನ್ನೊಮ್ಮೆ ಮುಟ್ಟಿ ನೋಡು. ಆಪರೇಟರು ಆ ದಿನ ಸಂತೋಷದಿಂದ ಪ್ರೋಗ್ರಾಂಗಳನ್ನು ಒಂದಾದ ಮೇಲೊಂದು ಕೊಂದ. ಸೇತುವೆಯ ಕಂಬ ನೆಲದ ಮೇಲೆ ನೆಟ್ಟಗೆ ನಿಂತಿತು.

ಡ್ರೈವರಿನ ಆ ಭಾಗಕ್ಕೆ ಒಂದು ಹೆಸರು ಕೊಡಬೇಕಿತ್ತು. ಆರು ಅಕ್ಷರಕ್ಕಿಂತ ಹೆಚ್ಚು ಹಿಡಿಸುತ್ತಿರಲಿಲ್ಲ. ಇಂಗ್ಲಿಷಿನಲ್ಲಿ 'ಚೌಡ' ಎಂದು ಕೊಟ್ಟೆ. ಮುಖ್ಯಸ್ಥರು ಅದನ್ನು ದಿಟ್ಟಿಸಿ, "ಇದು ಯಾವುದರ ಸಂಕ್ಷಿಪ್ತ ರೂಪ?" ಎಂದರು. "ಒಂದು ಪದ್ಧತಿಯ ಹೆಸರು ಸಾರ್. ಬಹಳ ಹಳೆಯದು" ಎಂದೆ. "ಹೌದು, ಎಲ್ಲೋ ಓದಿದ ನೆನಪು" ಎಂದು ತಲೆಯಾಡಿಸಿದರು. ನೆನಪಿನ ಕಷ್ಟ ನನಗೊಬ್ಬನಿಗೇ ಅಲ್ಲ ಎಂದು ಸಮಾಧಾನವಾಯಿತು.

ಮದುವೆ ನಡೆಯಿತು. ಲಲಿತ ಅದೇ ಸೀರೆಯುಟ್ಟು ಧಾರೆಗೆ ಕೂತಳು. ಗೆರೆ ಕಾಣುತ್ತದೋ ಎಂದು ನಾನು ಮುಂದಿನ ಸಾಲಿನಲ್ಲಿ ಕತ್ತು ಚಾಚಿ ಕೂತಿದ್ದೆ. ಸರೋಜ ತೊಡೆ ಚಿವುಟಿದಳು. "ರೀ, ಮದುಮಗಳ ನೆರಿಗೆ ನೋಡ್ಕೊಂಡು ಕೂತಿದೀರಲ್ಲ, ಜನ ಏನಂದ್ಕೊಂಡಾರು!" ಗೆರೆ ಕಾಣಲಿಲ್ಲ. ಜನ ಏನಂದುಕೊಂಡರೋ ತಿಳಿಯದು.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಎರಡು ವರ್ಷದ ಮೇಲೆ ಚೌಡಮ್ಮನವರ ಎರಡನೆಯ ಮಗಳ ಧಾರೆ ಸೀರೆ ಮಗ್ಗವೇರಿತು. ಸುದ್ದಿ ತಿಳಿದು ಬೂದಿಗೆರೆ ಅಜ್ಜಿ ಎರಡು ಬಸ್ಸು ಬದಲಾಯಿಸಿ ಬಂದರು. ಲಲಿತಳ ಸಂಸಾರ ಅಷ್ಟು ಚೆನ್ನಾಗಿರುವುದಕ್ಕೆ ಆ ಶಾಸ್ತ್ರವೇ ಕಾರಣವೆಂದು ಅವರು ಊರೆಲ್ಲ ಸಾರಿದ್ದರು. "ಎಲ್ಲಿ ಎಳೆ ಕಡಿಯೋ ಸ್ವಾಮ್ಯೋರು?" ಎಂದು ಬಾಗಿಲಲ್ಲೇ ಕೇಳಿದರು. ಯಾವ ಶಾಸ್ತ್ರವನ್ನೂ ನಂಬದ ನಾನು ಒಂದು ಶಾಸ್ತ್ರದ ಸ್ಥಾಪಕನಾಗಿದ್ದೆ!

ಮಗ್ಗಕ್ಕೆ ಹೂವು ಮುಡಿಸಿ, ನನಗೆ ಕುಂಕುಮ ಹಚ್ಚಿ, ಮುಂದೆ ನಿಲ್ಲಿಸಿದರು. ಒಂದು ಎಳೆ. ಒಂದೇ ಒಂದು. ನಾನು ಅದನ್ನು ಬೆರಳಿಗೆ ಸುತ್ತಿ ಎಳೆದೆ. ಕಡಿಯಲಿಲ್ಲ. ಜೋರಾಗಿ ಎಳೆದೆ. ಬೆರಳು ಕಡಿಯಿತು, ಎಳೆ ಕಡಿಯಲಿಲ್ಲ. ಏಳುನೂರು ಎಳೆಗಳನ್ನು, ಅಥವಾ ಮುನ್ನೂರನ್ನು, ಒಂದೇ ಏಟಿಗೆ ಕಡಿದವನು ಹಲ್ಲು ಕಚ್ಚಿ, ಕಾಲೂರಿ, ಬೆವರುತ್ತ ನಿಂತಿದ್ದೆ.

"ಅಭ್ಯಾಸ ತಪ್ಪಿಹೋಗಿದೆ ಅಜ್ಜಿ" ಎಂದಳು ಸರೋಜ.

ಕೊನೆಗೆ ಚೌಡಮ್ಮ ಕತ್ತರಿ ತಂದರು. ಆದರೆ ಕೂಡಲೇ ನನ್ನ ಕೈಗೆ ಕೊಡಲಿಲ್ಲ. ಮೊದಲು ಸ್ವಿಚ್ಚು ಆರಿದೆಯೇ ಎಂದು ಮುಟ್ಟಿ ನೋಡಿದರು. ಹಿಡಿಕೆಯನ್ನು ಇನ್ನೊಮ್ಮೆ ಎಳೆದರು. ಲಾಳಿಯನ್ನು ಗೂಡಿನಿಂದ ತೆಗೆದು ತಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡರು. ಆಮೇಲೆ ಸರೋಜಳ ಕಡೆ ತಿರುಗಿ, "ಅವ್ವಾ, ಇವ್ರ ಇನ್ನೊಂದು ಕೈ ಗಟ್ಟಿಯಾಗಿ ಹಿಡ್ಕೋ" ಎಂದರು.

ಸರೋಜ ಹಿಡಿದುಕೊಂಡಳು. ಆಗ ಕತ್ತರಿ ಕೊಟ್ಟರು.